ಕೆರೆ ದಂಡೆಯ ಐದು ಕಲ್ಲು

ಡೌನರ್ಸ್ ಗ್ರೋವ್
9 ನವೆಂಬರ್ 2008

ಅವ್ವಾ,

ಪೋಸ್ಟಿನಲ್ಲಿ ನನ್ನ ಕಾಗದ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಹೋದ ಭಾನುವಾರ ಫೋನಿನಲ್ಲಿ ಅಪ್ಪನೂ ನಾನೂ ಕೂಗಾಡಿದ ಮೇಲೆ, ಇನ್ನು ಸ್ವಲ್ಪ ದಿನ ಫೋನ್ ಬೇಡ ಅನ್ನಿಸಿತು. ಬರೆಯುವಾಗ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವುದಿಲ್ಲ. ಭಾನುವಾರಗಳನ್ನು ಹಾಳುಮಾಡಿ ಬೇಸ್‌ಮೆಂಟಿನಲ್ಲಿ ನೀನು ಕಲಿಸಿದ ಕನ್ನಡಕ್ಕೂ ಒಂದು ಕೆಲಸ ಸಿಕ್ಕಿತು. ತಪ್ಪುಗಳಿಗೆ ಕೆಂಪು ಗೆರೆ ಎಳೆದು ವಾಪಸ್ ಕಳಿಸಬೇಡ.

"ಸಂಬಳ ಇಲ್ಲದ ಕೆಲಸ, ಅದೂ ಮಂದಿ ನೆಲದ ಉಸಾಬರಿ, ನಿನಗ್ಯಾಕ ಬೇಕು?" ಎಂದು ಅಪ್ಪ ಕೇಳಿದರಲ್ಲ, ಅದಕ್ಕೆ ಉತ್ತರ ಬರೆಯುತ್ತೇನೆ. ನಮ್ಮ ಆಫೀಸು ಹೊಸ ವಕೀಲರನ್ನೆಲ್ಲ ಮನೆಗೆ ಕಳಿಸಿದ ಮೇಲೆ ಕಂಡಕಂಡಲ್ಲಿ ಅಪ್ಲೈ ಮಾಡಿದ್ದೀನಿ. ಯಾರೂ ಕರೆಯುತ್ತಿಲ್ಲ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಶಿಕಾಗೊದಲ್ಲಿ ಒಂದು ಸಣ್ಣ ಆಫೀಸಿಗೆ ಹೋಗುತ್ತಿದ್ದೇನೆ. ಅವರ ಕೈಯಲ್ಲಿರುವ ಕೇಸು ನಿಮ್ಮ ಕಡೆಯದೇ, ಡೆಟ್ರಾಯಿಟ್‌ನಿಂದ ಉತ್ತರಕ್ಕೆ ತೊಂಬತ್ತು ಮೈಲಿ.

ಅಲ್ಲೊಂದು ಕೆರೆ ಇದೆ. ಕೆರೆಯಲ್ಲಿ ತಾನಾಗಿ ಭತ್ತ ಬೆಳೆಯುತ್ತದೆ, ನೀರಿನಲ್ಲೇ, ಉದ್ದ ಕರಿಯ ಕಾಳು. ಒಜಿಬ್ವೆ ಎಂಬ ಮೂಲ ಜನರ ಒಂದು ಸಣ್ಣ ಗುಂಪು ಅದನ್ನು ಅಜ್ಜ ಮುತ್ತಜ್ಜರ ಕಾಲದಿಂದ ದೋಣಿಯಲ್ಲಿ ಹೋಗಿ ಬಡಿದು ತರುತ್ತದೆ. ಉತ್ತರದ ದಂಡೆಯಲ್ಲಿ ಅವರ ಗೋರಿಗಳಿವೆ. ಆ ದಂಡೆ ನಿಮ್ಮದೇ ಎಂದು ಹಿಂದೆ ಸರ್ಕಾರ ಬರೆದುಕೊಟ್ಟಿತ್ತಂತೆ. ಆಮೇಲೆ ತೆರಿಗೆ, ಹರಾಜು, ಶಿಕಾರಿ ಕ್ಲಬ್ಬು ಎಂದು ಕೈಕೈ ದಾಟಿ ಈಗ ಒಂದು ಕಂಪನಿಯ ಹತ್ತಿರ ಇದೆ. ಅವರು ಸಬ್‌ಡಿವಿಷನ್ ಎಂದು ಹೊಸ ಬಡಾವಣೆ ಕಟ್ಟಲು ಹೊರಟಿದ್ದರು, ಮಾರ್ಕೆಟ್ ಬಿತ್ತು. ರಸ್ತೆ ಇದೆ, ದೀಪದ ಕಂಬಗಳಿವೆ, ಮನೆ ಒಂದೂ ಇಲ್ಲ. ಈಗ ಇಡೀ ದಂಡೆಯನ್ನು ಯಾರಿಗಾದರೂ ಮಾರಿ ಕೈತೊಳೆದುಕೊಳ್ಳಬೇಕು ಅಂತಿದ್ದಾರೆ.

ಈ ಜನ ಕೇಳುತ್ತಿರುವುದು ಗೋರಿಯ ಜಾಗ, ಭತ್ತದ ಹಕ್ಕು, ಅಷ್ಟೇ. ಕೋರ್ಟು ಕೊಡಬೇಕಾದರೆ ಒಂದು ಮಾತು ಸಾಬೀತಾಗಬೇಕು: ನಡುವೆ ಬಿಡದೆ, ಇವತ್ತಿನವರೆಗೂ, ಅವರು ಆ ದಂಡೆಗೆ ಹೋಗಿಬರುತ್ತಿದ್ದಾರೆ ಎಂದು. ಲೀನಾ ಎಂಬ ಅಜ್ಜಿ ಅವರಲ್ಲಿ ಹಿರಿಯರು. "ನಾವು ಬದುಕಿದ್ದೀವಿ ಅನ್ನೋದಕ್ಕೆ ಸಾಕ್ಷಿ ತನ್ನಿ ಅಂತಾರೆ, ನಾನೇ ಹೋಗಿ ನಿಂತರೆ ಸಾಲದಂತೆ" ಎಂದು ನಕ್ಕರು.

ಥ್ಯಾಂಕ್ಸ್‌ಗಿವಿಂಗ್‌ಗೆ ಬರುವುದಿಲ್ಲ. ಅಪ್ಪನಿಗೆ ಸಿಟ್ಟು ಇಳಿಯಲಿ, ನನಗೂ ಇಳಿಯಲಿ.

ವಾಣಿಶ್ರೀ

~

ವೆಸ್ಟ್ ಬ್ಲೂಮ್‌ಫೀಲ್ಡ್
25 ನವೆಂಬರ್ 2008

ವಾಣೀ,

ಕೆಂಪು ಗೆರೆ ಎಳೆದಿಲ್ಲ. ಮೂರು ಕಡೆ ಕೈ ತುರಿಸಿತು, ಸುಮ್ಮನಾದೆ.

ನಿನ್ನ ಕಾಗದ ಬಂದ ವಾರವೇ ನಿಮ್ಮಪ್ಪ ರಟ್ಟಿನ ಡಬ್ಬಿ ಹಿಡಿದುಕೊಂಡು ಮನೆಗೆ ಬಂದರು. ಕೆಲಸ ಹೋಯಿತು, ಇಡೀ ಡಿಪಾರ್ಟ್‌ಮೆಂಟನ್ನೇ ಮುಚ್ಚಿದ್ದಾರಂತೆ. ನಿನಗೆ ತಿಳಿಸಬೇಡ ಅಂದಿದ್ದಾರೆ, ಅದಕ್ಕೇ ತಿಳಿಸುತ್ತಿದ್ದೇನೆ. ಬೆಳಗಾದರೆ ಗ್ಯಾರೇಜಿಗೆ ಹೋಗಿ ಮೊಳೆಗಳನ್ನು ಅಳತೆವಾರು ಡಬ್ಬಿಗೆ ಹಾಕುತ್ತಾರೆ. ಮರುದಿನ ಸುರಿದು ಮತ್ತೆ ಹಾಕುತ್ತಾರೆ. ನಮ್ಮ ಬೀದಿಯಲ್ಲಿ ಸಾಲಾಗಿ ಮೂರು ಮನೆ ಖಾಲಿಯಾಗಿವೆ. ಹ್ಯಾಲೊವೀನಿನ ಕುಂಬಳಕಾಯಿ ಬಾಗಿಲಲ್ಲಿ ಹಾಗೇ ಕೊಳೆಯುತ್ತಿದೆ, ತೆಗೆಯುವವರಿಲ್ಲ.

ನಿಮ್ಮಪ್ಪನ ಮಾತಿಗೆ ಬೇಸರ ಮಾಡಿಕೊಳ್ಳಬೇಡ. ನಮ್ಮೂರು ಆಲಮಟ್ಟಿ ಹಿನ್ನೀರಿಗೆ ಹೋದಾಗ ನೀನು ಹೈಸ್ಕೂಲಿನಲ್ಲಿದ್ದೆ. ನಾವು ಇಲ್ಲೇ ಇದ್ದೆವು, ಫೋನಿನಲ್ಲಿ ಕೇಳಿದೆವು. ಹೊಳೆಸಾಲಿನ ಎರಿ ಹೊಲ, ನಡುವೆ ಒಂದು ಬನ್ನಿಗಿಡ. ನಾನು ಮದುವೆಯಾಗಿ ಬಂದ ಮೊದಲ ವರ್ಷ ಎಳ್ಳ ಅಮಾವಾಸ್ಯೆಗೆ ನಿಮ್ಮಪ್ಪನ ಕೂಡ ಆ ಹೊಲ ಸುತ್ತಿದ್ದೆ. "ನೀರು ಬಂತು, ಮಂದಿ ಎದ್ದು ಹೋದ್ರು, ಮುಗೀತು" ಎಂದು ಅವರು ಅವತ್ತು ಅಂದದ್ದು. ಆಮೇಲೆ ಆ ಹೊಲದ ಹೆಸರು ಎತ್ತಿಲ್ಲ, ನಾನೂ ಎತ್ತಿಲ್ಲ.

ನೀನು ಬರೆದ ಕೆರೆ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನೀರು ಬಂದು ಊರು ಹೋಯಿತು ಎನ್ನುವುದು ನನಗೆ ಗೊತ್ತು. ನೀರೂ ಇದೆ, ನೆಲವೂ ಇದೆ, ಜನವೂ ಇದ್ದಾರೆ, ಆದರೂ ಹೋಯಿತು ಎನ್ನುವುದು ಗೊತ್ತಿರಲಿಲ್ಲ. ಲೀನಾ ಅವರಿಗೆ ಮಕ್ಕಳಿದ್ದಾರೆಯೇ? ಆ ಕೆರೆಗೆ ಹೈವೇಯಲ್ಲಿ ಯಾವ ಎಕ್ಸಿಟ್ ತಗೋಬೇಕು? ಸುಮ್ಮನೆ ಕೇಳಿದೆ.

ಉಣ್ಣುತ್ತಿದ್ದೀ ತಾನೆ? ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ.

ನಿನ್ನ ಅವ್ವ

~

ವೆಸ್ಟ್ ಬ್ಲೂಮ್‌ಫೀಲ್ಡ್
30 ಡಿಸೆಂಬರ್ 2008

ವಾಣೀ,

ಎಕ್ಸಿಟ್ ನಂಬರು, ಊರಿನ ಹೆಸರು ಬರೆದ ನಿನ್ನ ಕಾರ್ಡು ಬಂತು. ನೀನು ಬರಲಿಲ್ಲ. ಕ್ರಿಸ್‌ಮಸ್ ರಜೆಗಾದರೂ ಬರುತ್ತೀ ಎಂದು ಹಾಸಿಗೆ ಹಾಸಿದ್ದೆ.

ಶನಿವಾರ ಎಳ್ಳ ಅಮಾವಾಸ್ಯೆ. ಇಷ್ಟು ವರ್ಷ ಈ ದೇಶದಲ್ಲಿ ಆ ಹಬ್ಬ ಮಾಡಿರಲಿಲ್ಲ, ಹೊಲವೇ ಇಲ್ಲದವರಿಗೆ ಅದು ಎಂಥ ಹಬ್ಬ. ಈ ಸಲ ಯಾಕೋ ಮಾಡಿದೆ. ಸಜ್ಜಿ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಎಣ್ಣೆಗಾಯಿ ಎಲ್ಲ ಬುತ್ತಿ ಕಟ್ಟಿದೆ. ನಿಮ್ಮಪ್ಪ ಕಾರಿನಲ್ಲಿ ಒಂದು ಕಡೆ ಕರೆದುಕೊಂಡು ಹೋದರು. ಎಲ್ಲಿಗೆಂದು ನೀನು ಬಂದಾಗ ಹೇಳುತ್ತೇನೆ. ಮನಸ್ಸಿಗೆ ಹಗುರಾಯಿತು.

ಅವ್ವ

~

ಡೌನರ್ಸ್ ಗ್ರೋವ್
15 ಮಾರ್ಚ್ 2009

ಅವ್ವಾ,

ಇವತ್ತು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಮಗೆ ಸಾಕ್ಷಿ ಸಿಕ್ಕಿದೆ. ಸಿಕ್ಕಿದ್ದು ಎಲ್ಲಿ ಗೊತ್ತಾ? ಎದುರಾಳಿ ಕಂಪನಿಯ ಕಾಗದಗಳಲ್ಲೇ. ಕೋರ್ಟು ಹೇಳಿದ್ದಕ್ಕೆ ಅವರು ರಾಶಿ ಕಾಗದ ಕಳಿಸಿದ್ದರು, ಒಂದೊಂದೇ ತಿರುವುತ್ತಿದ್ದೆ. ಅವರ ಕಾವಲುಗಾರ ಡಿಸೆಂಬರ್ ಕೊನೆಗೆ ಒಂದು ದೂರು ಬರೆದಿದ್ದಾನೆ. ಉತ್ತರದ ದಂಡೆಯಲ್ಲಿ ಯಾರೋ ಒಳಗೆ ನುಗ್ಗಿ ಕಲ್ಲು ಸಾಲಾಗಿ ಇಟ್ಟು, ಕೆಂಪು ಬಣ್ಣ ಬಳಿದು, ದಂಡೆಯುದ್ದಕ್ಕೂ ತಿನ್ನುವ ಪದಾರ್ಥ ಚೆಲ್ಲಿ ಹೋಗಿದ್ದಾರೆ, ಇವರ ಕಾಟ ತಪ್ಪಿಸಿ ಎಂದು. ಫೋಟೊ ಬೇರೆ ತೆಗೆದಿದ್ದಾನೆ. ಅಲ್ಲಿ ಸೊನ್ನೆಗಿಂತ ಕೆಳಗಿನ ಚಳಿ, ಎಲ್ಲ ಇಟ್ಟದ್ದು ಇಟ್ಟಹಾಗೇ ಹೆಪ್ಪುಗಟ್ಟಿತ್ತು.

ಒಬ್ಬ ಪ್ರೊಫೆಸರನ್ನು ಕೇಳಿದೆವು. ಗೋರಿಯ ಹತ್ತಿರ ಅನ್ನ ಇಡುವುದು, ಕೆಂಪು ಹಚ್ಚುವುದು ಇವರ ಹಳೆಯ ಪದ್ಧತಿಯಲ್ಲಿ ಇದೆ, ಗುಟ್ಟಾಗಿ ಉಳಿದುಬಂದಿದೆ ಎಂದರು. ಬರೆದೂ ಕೊಟ್ಟಿದ್ದಾರೆ. ಇವರು ಅಲ್ಲಿಗೆ ಹೋಗುವುದೇ ಇಲ್ಲ ಎಂದು ವಾದ ಮಾಡುವ ಕಂಪನಿಯ ಕಾವಲುಗಾರನೇ ಹೋಗುತ್ತಾರೆ ಎಂದು ಬರೆದಿದ್ದಾನೆ. ನಮ್ಮ ದೊಡ್ಡ ವಕೀಲರು ನನ್ನ ಬೆನ್ನು ತಟ್ಟಿದರು. ಕೇಸು ಗೆದ್ದರೆ ನನ್ನನ್ನು ಕೆಲಸಕ್ಕೇ ಇಟ್ಟುಕೊಳ್ಳುತ್ತಾರಂತೆ.

ಲೀನಾ ಮಾತ್ರ ಫೋಟೊ ನೋಡಿ, "ನಮ್ಮವರು ಇಷ್ಟು ಊಟ ಬಿಟ್ಟು ಬರೋದಿಲ್ಲ" ಎಂದರು. ಗುಂಪಿನಲ್ಲಿ ಯಾರೂ ನಾನು ಎಂದು ಹೇಳಿಕೊಳ್ಳಲಿಲ್ಲ. ಇಂಥದ್ದನ್ನು ಹೇಳಿಕೊಳ್ಳುವುದಿಲ್ಲವಂತೆ, ಪ್ರೊಫೆಸರ್ ಹೇಳಿದರು.

ಒಂದು ಜೆರಾಕ್ಸ್ ಇಟ್ಟಿದ್ದೇನೆ, ಕಪ್ಪುಬಿಳುಪು. ಅಪ್ಪನಿಗೂ ತೋರಿಸು. ಮಂದಿ ನೆಲದ ಉಸಾಬರಿಯಲ್ಲಿ ಮಗಳು ಏನು ಹುಡುಕಿದಳು ಎಂದು ನೋಡಲಿ.

ನಿನ್ನ ವಾಣಿ

~

ವೆಸ್ಟ್ ಬ್ಲೂಮ್‌ಫೀಲ್ಡ್
19 ಏಪ್ರಿಲ್ 2009

ವಾಣೀ, ನನ್ನ ಬಾಳಾ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತು ಕೂತು ಎದ್ದೆ. ನುಂಗಲಾರದ ಬಿಸಿ ತುಪ್ಪ ಎನ್ನುತ್ತಾರಲ್ಲ, ಅದು ಬಾಯಲ್ಲಿದೆ. ಕೂತು ಓದು. ಹತ್ತಿರ ಯಾರಾದರೂ ಇದ್ದರೆ ಆಮೇಲೆ ಓದು.

ಆ ಫೋಟೊದಲ್ಲಿರುವುದು ನನ್ನ ಕಡಬು.

ಜೆರಾಕ್ಸ್ ಮಬ್ಬಾಗಿದೆ, ಆದರೂ ಕಡಬಿನ ನಡುವೆ ಹೆಬ್ಬೆರಳು ಒತ್ತಿದ ಗುಳಿ ಕಾಣುತ್ತದೆ. ನಿನ್ನ ಅಜ್ಜಿ ಹಾಗೆ ಒತ್ತುತ್ತಿದ್ದರು, ನಾನೂ ಒತ್ತುತ್ತೇನೆ. ಆ ಐದು ಕಲ್ಲು ದಂಡೆಯಲ್ಲೇ ಆರಿಸಿದ್ದು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರು ಎಂದು ಪೂಜೆ ಮಾಡುತ್ತೇವೆ. ಕೆಂಪು ಬಣ್ಣ ಅಲ್ಲ ಅದು, ನನ್ನ ಪರ್ಸಿನಲ್ಲಿದ್ದ ಕುಂಕುಮ. ಪೂಜೆಯಾದ ಮೇಲೆ ಚರಗ ಚೆಲ್ಲುವುದು. ಮಾಡಿದ ಅಡಿಗೆಯನ್ನೆಲ್ಲ ಒಂದಿಷ್ಟು ಕಲಸಿ, ಒಬ್ಬರು ಹೊಲದ ಸುತ್ತ ಚೆಲ್ಲುತ್ತ ಮುಂದೆ ಹೋಗಬೇಕು, ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತ ಬರಬೇಕು. ಭೂಮಿತಾಯಿ ಬಸುರಿ, ಅವಳಿಗೆ ಉಣ್ಣಿಸಬೇಕು. ಅಕ್ಷರ ಕಲಿಸುವ ಭರದಲ್ಲಿ ಇದನ್ನೆಲ್ಲ ನಿನಗೆ ಹೇಳಲೇ ಇಲ್ಲ.

ನಿನ್ನ ಕೆರೆಯ ಸುದ್ದಿ ಓದಿದಾಗಿನಿಂದ, ಇಷ್ಟು ಜನ ಬಿಟ್ಟುಕೊಡಲಾರದೆ ಬಡಿದಾಡುವ ನೆಲ ಹ್ಯಾಗಿರುತ್ತದೆ ನೋಡಬೇಕು ಅನ್ನಿಸಿತ್ತು. ನಮ್ಮ ಹೊಲಕ್ಕೆ ಕೊಡಲಾಗದ್ದನ್ನು ಅಲ್ಲಿ ಕೊಟ್ಟರೆ ತಲುಪಬಹುದು ಎಂದುಕೊಂಡೆ. ಯಾರದೋ ಹೊಲದಲ್ಲಿ ನಾನು ಚರಗ ಚೆಲ್ಲಿದೆ, ನೋಡು. ಊರಲ್ಲಾಗಿದ್ದರೆ ನಾನೇ ಅಂಥವರಿಗೆ ಬೈಯುತ್ತಿದ್ದೆ.

ನಿಮ್ಮಪ್ಪ ಡ್ರೈವ್ ಮಾಡಿಕೊಂಡು ಬಂದರು, ಕಾರಿನಿಂದ ಇಳಿಯಲಿಲ್ಲ. ಹೀಟರ್ ಹಾಕಿಕೊಂಡು ಎದುರಿಗೆ ಕೆರೆ ಕಾಣದ ಹಾಗೆ ಕಾರು ತಿರುಗಿಸಿ ನಿಲ್ಲಿಸಿದರು. ಹಿಂದೆ ನೀರು ಹಾಕಲು ಬರ್ರಿ ಎಂದು ಕರೆದೆ. "ನೀನ ಹಾಕ್ಕೋ" ಅಂದರು. ಹಾಗಾಗಿ ನಾನೇ ಮುಂದೆ ಚೆಲ್ಲಿದೆ, ನಾನೇ ಹಿಂದಕ್ಕೆ ಬಂದು ನೀರು ಹಾಕಿದೆ. ಹಾಕಿದ ನೀರು ಅಲ್ಲೇ ಮಂಜುಗಡ್ಡೆಯಾಯಿತು. ಊರಿನಲ್ಲಿ ಸಂಜೆಯೊಳಗೆ ಹಕ್ಕಿಗಳು ತಿಂದು ಮುಗಿಸುತ್ತವೆ. ಇಲ್ಲಿ ಚಳಿ ಕಾಯ್ದಿಟ್ಟು ಫೋಟೊ ತೆಗೆಸಿತು.

ನಿಮ್ಮಪ್ಪನಿಗೆ ಜೆರಾಕ್ಸ್ ತೋರಿಸಿದೆ. ನಿನ್ನ ಕೆಲಸ ತಿಳಿದು ಹಿಗ್ಗುತ್ತಾರೆ ಎಂದುಕೊಂಡಿದ್ದೆ, ಅವರಿಗೂ ಕೂಡಲೇ ಗುರುತು ಸಿಕ್ಕಿತು. ಆಮೇಲೆ ಅಂದದ್ದು ಇಷ್ಟು: "ಹೇಳಬ್ಯಾಡ. ಒಮ್ಮೆರ ನೆಲ ನೆಲದವರಿಗೆ ಹೋಗ್ಲಿ." ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯ ಹಾಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. ಅದಕ್ಕೇ ಒಂದು ತಿಂಗಳು ಸುಮ್ಮನಿದ್ದೆ. ಹೌದಲ್ಲ, ಯಾರಿಗೆ ನಷ್ಟ, ನೆಲ ಅವರದೇ ತಾನೆ ಎಂದು ನನಗೆ ನಾನೇ ಹೇಳಿಕೊಂಡೆ.

ಆದರೆ ವಾಣಿ, ನಾಳೆ ಅದು ಹೊರಬಿದ್ದರೆ? ಇಂಡಿಯನ್ ಬಜಾರಿನಲ್ಲಿ ತರುವ ಸಜ್ಜಿಹಿಟ್ಟು, ಎಳ್ಳು, ಬದನೆಕಾಯಿ. ತಿಳಿದವರು ಒಬ್ಬರು ನೋಡಿದರೆ ಸಾಕು. ಸುಳ್ಳು ಹೇಳಿದವರು ಎಂಬ ಹೆಸರು ಲೀನಾ ಅವರ ಜನಕ್ಕೆ ಬರುತ್ತದೆ, ನನಗಲ್ಲ. ಹೆಪ್ಪುಗಟ್ಟಿದ ನನ್ನ ಕಡಬಿನ ಮೇಲೆ ಅವರ ಸತ್ತವರ ಜಾಗ ನಿಲ್ಲಬಾರದು. ನನಗೆ ಹೆದರಿಕೆಯಾಗಿದೆ. ನಿನ್ನ ಮುಖ ನೆನೆದರೆ ಇನ್ನೂ ಹೆದರಿಕೆ.

ಅವ್ವ

~

ಡೌನರ್ಸ್ ಗ್ರೋವ್
27 ಏಪ್ರಿಲ್ 2009

ಅವ್ವಾ,

ಯಾಕೆ ಬರೆದೆ? ಫೋನಿನಲ್ಲಿ ಹೇಳಿದ್ದರೆ ಸರಿಯಾಗಿ ಕೇಳಿಸಲಿಲ್ಲ ಎನ್ನಬಹುದಿತ್ತು. ಕಾಗದದಲ್ಲಿ ಬಂದದ್ದನ್ನು ವಕೀಲಳಾಗಿ ನಾನು ಓದಿಲ್ಲ ಎನ್ನಲು ಬರುವುದಿಲ್ಲ. ನೀನು ಸುಮ್ಮನಿರಬಹುದಿತ್ತು. ನೀನು ಅಲ್ಲಿಗೆ ಹೋಗದೆಯೂ ಇರಬಹುದಿತ್ತು.

ನಾಳೆ ದೊಡ್ಡ ವಕೀಲರಿಗೆ ಹೇಳುತ್ತೇನೆ. ಸ್ವಲ್ಪ ದಿನ ನನಗೆ ಬರೆಯಬೇಡ.

ವಾಣಿಶ್ರೀ

~

ವೆಸ್ಟ್ ಬ್ಲೂಮ್‌ಫೀಲ್ಡ್
6 ಜುಲೈ 2009

ವಾಣೀ,

ಬರೆಯಬೇಡ ಅಂದಿದ್ದೆ, ಎರಡು ತಿಂಗಳು ಬರೆಯಲಿಲ್ಲ. ಇದಕ್ಕಿಂತ ಹೆಚ್ಚು ನನ್ನ ಕೈಲಾಗುವುದಿಲ್ಲ.

ಇಲ್ಲಿ ವಿಶೇಷ ಏನಿಲ್ಲ. ನಿಮ್ಮಪ್ಪನಿಗೆ ಎರಡು ಇಂಟರ್‌ವ್ಯೂ ಬಂದವು, ಹೋದವು. ಮನೆ ಮಾರುವ ಬೋರ್ಡು ಹುಲ್ಲಿನಲ್ಲಿ ನೆಟ್ಟಿದ್ದೇವೆ, ನೋಡಲು ಯಾರೂ ಬರುವುದಿಲ್ಲ. ಭಾನುವಾರದ ಕನ್ನಡ ಕ್ಲಾಸು ನಿಲ್ಲಿಸಿದೆ. ಮಕ್ಕಳಿಗೆ ಅಕ್ಷರ ತಿದ್ದಿಸುವಾಗ ನಿನ್ನ ನೆನಪಾಗುತ್ತಿತ್ತು. ಹೇಳಬೇಡ ಅಂದದ್ದನ್ನು ಹೇಳಿದ್ದಕ್ಕೆ ನಿಮ್ಮಪ್ಪ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಕೇಸು ಏನಾಯಿತೆಂದು ಒಂದು ಸಾಲು ಬರಿ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ಬರಿ.

ಅವ್ವ

~

ಡೌನರ್ಸ್ ಗ್ರೋವ್
18 ಅಕ್ಟೋಬರ್ 2009

ಅವ್ವಾ,

ಸೋತೆವು.

ಫೋಟೊವನ್ನು ನಾವೇ ವಾಪಸ್ ತೆಗೆದುಕೊಂಡೆವು, ಯಾಕೆಂದು ಕೋರ್ಟಿಗೆ ತಿಳಿಸಿದೆವು. ನಿನ್ನ ಹೆಸರು ಹೇಳಲೇಬೇಕಾಯಿತು. ಎದುರಿನ ವಕೀಲ ಅದನ್ನು ಹಿಡಿದುಕೊಂಡು ಇಡೀ ಮಧ್ಯಾಹ್ನ ಜಗ್ಗಿದ. ಹಿಟ್ಟಿನುಂಡೆಯನ್ನೇ ಪರಂಪರೆ ಎಂದವರು, ಗೋರಿ ಎಂದರೆ ಹೇಗೆ ನಂಬುವುದು ಎಂದು ಕೇಳಿದ. ಪ್ರೊಫೆಸರ್ ಬರಲೇ ಇಲ್ಲ. ಜಡ್ಜ್ ಒಳ್ಳೆಯವರು, ನಿಧಾನವಾಗಿ ಓದಿದರು. ಈ ಜನರಿಗೆ ಆ ಕೆರೆಯ ಮೇಲೆ ಪ್ರೀತಿ ಇದೆ ಎನ್ನುವುದರಲ್ಲಿ ಅನುಮಾನವಿಲ್ಲವಂತೆ. ಆದರೆ ಶಿಕಾರಿ ಕ್ಲಬ್ಬಿನ ಕಾಲದಲ್ಲಿ ಬಹಳ ವರ್ಷ ಅವರು ಅಲ್ಲಿಗೆ ಹೋದದ್ದಕ್ಕೆ ಕಣ್ಣಿಗೆ ಕಾಣುವ ಗುರುತು ಒಂದೂ ಇಲ್ಲ, ಈಚೆಗೂ ಇಲ್ಲ. ಹಕ್ಕು ಸಾಬೀತಾಗಿಲ್ಲ ಎಂದು ಮುಗಿಸಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಲೀನಾ ಹತ್ತಿರ ಕೂತೆ. ನನಗೆ ಅಳು ತಡೆಯಲಾಗಲಿಲ್ಲ, ಅವರೇ ಕರ್ಚೀಫ್ ಕೊಟ್ಟರು. ಆಮೇಲೆ ಹೇಳಿದರು. ಚಿಕ್ಕವರಿದ್ದಾಗ ಅವರನ್ನು ಸರ್ಕಾರದ ಹಾಸ್ಟೆಲ್ ಶಾಲೆಗೆ ಎಳೆದುಕೊಂಡು ಹೋಗಿದ್ದರಂತೆ. ತಮ್ಮ ಮಾತಿನಲ್ಲಿ ಪ್ರಾರ್ಥನೆ ಮಾಡಿದರೆ ಹೊಡೆತ. ಅದಕ್ಕೇ ಅವರ ಅವ್ವ ಕಲಿಸಿದ್ದು, ಏನು ಮಾಡಿದರೂ ಗುರುತು ಬಿಡಬೇಡ, ತಂಬಾಕು ಒಂದು ಚಿಟಿಕೆ ನೀರಿಗೆ ಹಾಕು, ನೀರು ಯಾರಿಗೂ ಹೇಳುವುದಿಲ್ಲ ಎಂದು. ಪ್ರತಿ ವರ್ಷ ದೋಣಿಯಲ್ಲಿ ಹೋಗಿ ಹಾಗೇ ಹಾಕಿ ಬಂದಿದ್ದಾರೆ. "ಕಾಣದ ಹಾಗೆ ಮಾಡೋದನ್ನ ಹೊಡೆದು ಕಲಿಸಿದರು, ನಾನು ಚೆನ್ನಾಗಿ ಕಲಿತುಬಿಟ್ಟೆ" ಅಂದರು.

ನಿನ್ನ ಬಗ್ಗೆ ಕೇಳಿದರು. ಅದು ತಮ್ಮದಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತು, ಹೇಳಿದ್ದರು ಕೂಡ. ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಪ್ರೊಫೆಸರ್ ಮಾತು ಹಿಡಿದುಕೊಂಡೆವು. ಆ ತಪ್ಪು ನಿನ್ನದಲ್ಲ, ನನ್ನದು. ಏಪ್ರಿಲ್‌ನಲ್ಲಿ ಬರೆದದ್ದಕ್ಕೆ ಮನಸ್ಸು ನೋಯುತ್ತಿದೆ.

"ಡಿಸೆಂಬರಿನಲ್ಲಿ ನಿನ್ನ ಅವ್ವನ ಹಬ್ಬ ಬಂದಾಗ ಅವಳನ್ನು ನನ್ನ ಹತ್ತಿರ ಕಳಿಸು" ಎಂದಿದ್ದಾರೆ. ಅವರ ಫೋನ್ ನಂಬರ್ ಹಿಂಬದಿಯಲ್ಲಿದೆ. ಹೋಗುವುದು ಬಿಡುವುದು ನಿನಗೆ ಬಿಟ್ಟದ್ದು. ನಾನು ಬರಲಾರೆ. ಆ ಆಫೀಸು ನನ್ನನ್ನು ಇಟ್ಟುಕೊಳ್ಳಲಿಲ್ಲ. ವುಡ್‌ರಿಡ್ಜ್‌ನಲ್ಲಿ ಒಂದು ಇನ್ಶುರೆನ್ಸ್ ಕಂಪನಿಯಲ್ಲಿ ಟೆಂಪರರಿ ಕೆಲಸ ಸಿಕ್ಕಿದೆ, ಇಡೀ ದಿನ ಬೇರೆಯವರ ಕ್ಲೇಮುಗಳನ್ನು ಓದುತ್ತೇನೆ.

ವಾಣಿ

~

ವೆಸ್ಟ್ ಬ್ಲೂಮ್‌ಫೀಲ್ಡ್
17 ಡಿಸೆಂಬರ್ 2009

ವಾಣೀ,

ನಿನ್ನೆ ಎಳ್ಳ ಅಮಾವಾಸ್ಯೆ. ಹೋಗಿದ್ದೆ.

ಬುತ್ತಿ ಕಟ್ಟಿಕೊಂಡೇ ಹೋದೆ. ನಿಮ್ಮಪ್ಪ ತಾವಾಗಿಯೇ ಥರ್ಮಾಸಿನಲ್ಲಿ ನೀರು ತುಂಬಿಕೊಂಡರು. ಯಾಕೆ ಎಂದು ಕೇಳಲಿಲ್ಲ, ಕೇಳಿದರೆ ಇಟ್ಟುಬಿಟ್ಟಾರು ಎಂದು. ಕೆರೆ ಹತ್ತಿರ ಬಂದಾಗ ಕಾರು ನಿಲ್ಲಿಸಿ ಅವರೇ ಮೊದಲು ಇಳಿದರು. ಈ ಸಲ ಕೆರೆಯ ಕಡೆಗೇ ಮುಖ ಮಾಡಿ ನಿಲ್ಲಿಸಿದ್ದರು.

ಈಗ ಅಲ್ಲಿ ಬೇಲಿ ಹಾಕಿದ್ದಾರೆ. ಬಾಗಿಲ ಕಂಬಕ್ಕೆ ಕ್ಯಾಮೆರಾ ಕಟ್ಟಿದ್ದಾರೆ. ಲೀನಾ ಮತ್ತು ಅವರ ಜನ ಏಳೆಂಟು ಮಂದಿ ಆಗಲೇ ಬಂದಿದ್ದರು. ಲೀನಾ ನನಗಿಂತ ಗಿಡ್ಡ, ದೊಡ್ಡ ಕನ್ನಡಕ, ಕಾಲಿಗೆ ಗಂಡಸರ ಬೂಟು. ನಾನು ಕೈಮುಗಿದು, ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವರು ನನ್ನ ಬುಟ್ಟಿಯ ಬಟ್ಟೆ ಸರಿಸಿ ಒಂದು ಕಡಬು ತೆಗೆದು ತಿಂದರು. ಉಪ್ಪು ಕಡಿಮೆ ಅಂದರು. ನಿಜ, ಕಡಿಮೆಯಾಗಿತ್ತು. ಅವರು ಇಂಗ್ಲಿಷಿನಲ್ಲಿ ಅಂದದ್ದನ್ನೆಲ್ಲ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

"ನಿನ್ನ ಕಲ್ಲು ಐದನ್ನೂ ತೊಳೆದು ಕೆರೆಗೇ ಬಿಟ್ಟೆ. ಕೆರೆಯವು ಕೆರೆಗೆ" ಎಂದರು. ಕೆಂಪು ಹೋಗಲು ಬಹಳ ಉಜ್ಜಬೇಕಾಯಿತಂತೆ.

ಆಮೇಲೆ ಅವರು ಮಾಡಿದ್ದು ಕೇಳು. ಬೇಲಿಯ ಕೆಳಗೆ ಒಬ್ಬೊಬ್ಬರಾಗಿ ತೂರಿ ಒಳಗೆ ಹೋದರು. ಲೀನಾ ಕ್ಯಾಮೆರಾದ ಕಡೆ ಮುಖ ಎತ್ತಿ ಕನ್ನಡಕ ತೆಗೆದು ನಿಂತರು, ಚೆನ್ನಾಗಿ ಕಾಣಲಿ ಎಂದು. ನೀರಿನ ಅಂಚಿಗೆ ಹೋಗಿ ಕೈ ಮೇಲೆತ್ತಿ ತಂಬಾಕು ಹಾಕಿದರು. ಎಪ್ಪತ್ತು ವರ್ಷ ಮುಚ್ಚಿಟ್ಟು ಮಾಡಿದ್ದನ್ನು ಬಯಲಿನಲ್ಲಿ ಮಾಡಿದರು.

ನಾನೂ ಬುಟ್ಟಿ ಎತ್ತಿಕೊಂಡು ಬೇಲಿಯ ಹತ್ತಿರ ಹೋದೆ. ನಿಮ್ಮಪ್ಪ ಹಿಂದೆ ಥರ್ಮಾಸ್ ಹಿಡಿದು ನಿಂತಿದ್ದರು. ಲೀನಾ ತಿರುಗಿ ನೋಡಿ ಕೈ ಅಡ್ಡ ಮಾಡಿದರು. ಸಿಟ್ಟಿರಲಿಲ್ಲ, ತಂಗಿಗೆ ಹೇಳುವಂತೆ ಹೇಳಿದರು. "ನೀನು ಪಕ್ಕಕ್ಕೆ ನಿಲ್ಲು. ಕ್ಯಾಮೆರಾಕ್ಕೆ ಬೀಳದ ಹಾಗೆ. ಈ ಸಲ ಬರೀ ನಾವೇ ಕಾಣಬೇಕು."

ಪಕ್ಕಕ್ಕೆ ಬಂದೆ. ರಸ್ತೆಯ ಆಚೆಗೆ, ಮನೆಯಿಲ್ಲದ ಆ ದೀಪದ ಕಂಬದ ಕೆಳಗೆ ಇಬ್ಬರೂ ನಿಂತೆವು. ನನಗೆ ಕಣ್ಣು ತುಂಬಿ ಬಂತು ವಾಣಿ, ಸುಳ್ಳು ಯಾಕೆ ಹೇಳಲಿ. ಅವರು ಹೇಳಿದ್ದು ಸರಿ ಎಂದು ಗೊತ್ತಿತ್ತು, ಅದಕ್ಕೇ ಹೆಚ್ಚು ನೋವಾಯಿತು.

ಅರ್ಧ ಗಂಟೆಯಲ್ಲಿ ಪೊಲೀಸು ಬಂದ. ಇನ್ನೂ ಎಳೆಯ ಮುಖ. ಅಜ್ಜಿ, ಸುಮ್ಮನೆ ಹೊರಗೆ ಬನ್ನಿ, ನಾನು ಏನೂ ಬರೆಯುವುದಿಲ್ಲ, ಮನೆಗೆ ಹೋಗಿ ಎಂದು ಬೇಡಿಕೊಂಡ. ಲೀನಾ ಒಪ್ಪಲಿಲ್ಲ. "ಬರಿ. ನನ್ನ ಹೆಸರು ಬರಿ, ತಾರೀಖು ಬರಿ. ಉತ್ತರದ ದಂಡೆಯಲ್ಲಿ ತನ್ನ ಅವ್ವನ ಗೋರಿ ಹತ್ತಿರ ಕೆರೆಗೆ ತಂಬಾಕು ಹಾಕುತ್ತಿದ್ದಳು ಅಂತ ಬರಿ." ಅತಿಕ್ರಮ ಪ್ರವೇಶ ಎಂದು ಬರೆದುಕೊಂಡ. ಅವರು ಅದನ್ನು ಗಟ್ಟಿಯಾಗಿ ಓದಿಸಿದರು. ಒಂದು ಕಡೆ ತಿದ್ದಿಸಿದರು ಕೂಡ, ನನಗೆ ನನ್ನ ಭಾನುವಾರದ ಕ್ಲಾಸು ನೆನಪಾಯಿತು. ಉಳಿದವರು ಹಿಮದಲ್ಲಿ ರೇಷನ್ ಅಂಗಡಿಯ ಮುಂದೆ ನಿಂತಂತೆ ಸಾಲಾಗಿ ನಿಂತು ಒಬ್ಬೊಬ್ಬರೂ ಒಂದೊಂದು ದಂಡದ ಟಿಕೆಟ್ ಬರೆಸಿಕೊಂಡರು. ಮುಂದಿನ ವರ್ಷವೂ ಬರುತ್ತಾರಂತೆ, ಅದರ ಮುಂದಿನ ವರ್ಷವೂ. ಕಾಣುವ ಗುರುತು ಬೇಕು ಅಂದರಲ್ಲ, ಇನ್ನು ಮೇಲೆ ಅವರ ಗುರುತನ್ನು ಪೊಲೀಸರೇ ಬರೆದಿಡಲಿ ಎಂದರು. ಕೋರ್ಟಿಗೆ ಸಾಲುವಷ್ಟು ಗುರುತು ಕೂಡುವಷ್ಟರಲ್ಲಿ ತಾನು ಇರುವುದಿಲ್ಲ ಎಂದೂ ಲೀನಾ ಹೇಳಿದರು, ಬಸ್ಸು ತಪ್ಪುತ್ತದೆ ಎಂದು ಹೇಳುವಷ್ಟೇ ಸಲೀಸಾಗಿ.

ದಂಡೆಯನ್ನು ಯಾವುದೋ ಗಾಲ್ಫ್‌ನವರು ಕೊಳ್ಳುವ ಮಾತಿದೆಯಂತೆ.

ಬರುವಾಗ ನಿಮ್ಮಪ್ಪ, ಎರಡು ಎಕ್ಸಿಟ್ ದಾಟಿದ ಮೇಲೆ, "ಬನ್ನಿಗಿಡದಿಂದ ಹೊಳಿತನಕ ನಮ್ಮದಿತ್ತು" ಅಂದರು. ನನಗೆ ಗೊತ್ತಿರುವ ಮಾತೇ. ಹೌದು ಅಂದೆ. ಥರ್ಮಾಸಿನ ನೀರನ್ನು ಮನೆಗೆ ಬಂದು ಸಿಂಕಿಗೆ ಸುರಿದರು.

ಈ ವರ್ಷದ ಚರಗ ಎಲ್ಲೂ ಚೆಲ್ಲಲಿಲ್ಲ. ಚೆಲ್ಲಲು ನಮ್ಮದೆನ್ನುವ ಅಂಗೈಯಗಲ ನೆಲವಿಲ್ಲ, ಮನೆಯ ಮುಂದಿನ ಹುಲ್ಲಿನಲ್ಲೂ ಮಾರುವ ಬೋರ್ಡಿದೆ. ಕಡಬು ಎಲ್ಲ ಫ್ರೀಜರಿನಲ್ಲಿಟ್ಟಿದ್ದೇನೆ. ಚಳಿಯಲ್ಲಿಟ್ಟರೆ ಕೆಡುವುದಿಲ್ಲ, ಅದು ಹೋದ ವರ್ಷವೇ ಗೊತ್ತಾಯಿತಲ್ಲ. ನೀನು ಬಂದಾಗ ಬಿಸಿ ಮಾಡಿ ಕೊಡುತ್ತೇನೆ. ಉಪ್ಪು ಕಡಿಮೆ, ಮೇಲೆ ಹಾಕಿಕೋ.

ಬಾ.

ನಿನ್ನ ಅವ್ವ